ತೊಗರಿ ಹಂಗಾಮು ಮುಗಿಯಲಿ, ಆಮೇಲೆ ತತ್ವಶಾಸ್ತ್ರ

ಪತ್ರದ ಸಾರ: ‘ಕಲಬುರಗಿ ಗಂಜಿನ ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಓದಿದ್ದೇನೆ, ಸಿಟ್ಟು ಜಾಸ್ತಿ. ದಿನನಿತ್ಯದ ಬದುಕಿಗೆ ತತ್ವಶಾಸ್ತ್ರ ಎಂದು ಸಂಜೆ ತರಗತಿ ನಡೆಸುತ್ತಾರಂತೆ. 12 ವಾರ, ವಾರಕ್ಕೊಮ್ಮೆ ಒಂದೂವರೆ ತಾಸು. ಡಿಸೆಂಬರಿನಲ್ಲಿ ಒಂದು ತಂಡ, ಜುಲೈನಲ್ಲಿ ಇನ್ನೊಂದು. “ಪ್ರವಚನ ಕೇಳಲಾಕ ಶರಣಬಸಪ್ಪನ ಗುಡಿ ಅದಲ್ಲ, ರೊಕ್ಕಾ ಕೊಟ್ಟು ಯಾಕ ಕೇಳ್ತೀರಿ?” ಅಂತಾರೆ ಮನೆಯವರು. ಅಲ್ಲಿ ಏನು ಮಾಡಿಸುತ್ತಾರೆ? ಸೇರಬಹುದೇ?’

ಸಂಪಾದಕರ ಉತ್ತರ:

ಸೇರಿರಿ, ಆದರೆ ಜುಲೈ ತಂಡಕ್ಕೆ. ಡಿಸೆಂಬರಿನಿಂದ ಗಂಜಿಗೆ ಹೊಸ ತೊಗರಿ ಬರಲು ಶುರುವಾದರೆ ನೀವು ಅಂಗಡಿ ಬಿಡುವ ಹೊತ್ತು ನಿಮ್ಮ ಕೈಯಲ್ಲಿರುವುದಿಲ್ಲ. ಇಂಥ ತರಗತಿಯಲ್ಲಿ ಹಿಂದಿನ ವಾರ ಕೊಟ್ಟ ಅಭ್ಯಾಸದ ಮೇಲೆಯೇ ಈ ವಾರದ ಮಾತು ನಡೆಯುತ್ತದೆ. ಎರಡು ವಾರ ತಪ್ಪಿಸಿದವರು ಮೂರನೆಯ ವಾರ ಬಂದು ಸುಮ್ಮನೆ ಕೂರುತ್ತಾರೆ, ನಾಲ್ಕನೆಯ ವಾರ ಬರುವುದೇ ಇಲ್ಲ.

ನಿಮ್ಮ ಮನೆಯವರ ಪ್ರಶ್ನೆ ಸರಿಯಾಗಿಯೇ ಇದೆ. ಪ್ರವಚನದಲ್ಲಿ ಕೇಳುವುದು ನಿಮ್ಮ ಕೆಲಸ. ತರಗತಿಯಲ್ಲಿ ಉತ್ತರ ಹೇಳುವುದು ನಿಮ್ಮ ಕೆಲಸ. ಶಿಕ್ಷಕರೇ ಒಂದೂವರೆ ತಾಸು ಮಾತಾಡಿ ಕಳಿಸಿದರೆ ಅದೂ ಪ್ರವಚನವೇ, ಆಗ ಶರಣಬಸಪ್ಪನ ಗುಡಿಯೇ ಮೇಲು. ಆದ್ದರಿಂದ ಹಣ ಕಟ್ಟುವ ಮೊದಲು ಒಂದು ದಿನ ಹಿಂದಿನ ಸಾಲಿನಲ್ಲಿ ಕೂತು ನೋಡಲು ಬಿಡುತ್ತೀರಾ ಎಂದು ಕೇಳಿ. ಅರ್ಧಕ್ಕಿಂತ ಹೆಚ್ಚು ಹೊತ್ತು ಕಲಿಯಲು ಬಂದವರು ಮಾತಾಡುತ್ತಿದ್ದರೆ ಸೇರಬಹುದು. ಹತ್ತು ಹನ್ನೆರಡು ಜನರ ತಂಡ ಚಲೋ. ಮೂವತ್ತು ಮಂದಿಯಾದರೆ ನಿಮ್ಮ ಸರದಿ ಬರುವುದರೊಳಗೆ ಹೊತ್ತು ಮುಗಿಯುತ್ತದೆ.

ಯಾವ ಪರಂಪರೆಯ ಪಾಠ ಎಂದೂ ಕೇಳಿ. ಈ ಮಾದರಿಯ ಸಂಜೆ ತರಗತಿಗೆ ಹೆಸರಾದದ್ದು ಲಂಡನ್ನಿನ ಸ್ಕೂಲ್ ಆಫ್ ಎಕನಾಮಿಕ್ ಸೈನ್ಸ್. ಅಲ್ಲಿ ಮೊದಲು ಅರ್ಥಶಾಸ್ತ್ರ ಕಲಿಸುತ್ತಿದ್ದರು, ಆಮೇಲೆ ತತ್ವಶಾಸ್ತ್ರಕ್ಕೆ ಬಂದರು. 1960ರ ದಶಕದಿಂದ ಜ್ಯೋತಿರ್ಮಠದ ಶಂಕರಾಚಾರ್ಯ ಶಾಂತಾನಂದ ಸರಸ್ವತಿಯವರ ಬಳಿ ಪ್ರಶ್ನೆ ಕೇಳಿ ಕೇಳಿ ಅದ್ವೈತದ ಕಡೆ ವಾಲಿದರು. ನಮ್ಮ ಅದ್ವೈತ ಲಂಡನ್ನಿಗೆ ಹೋಗಿ ಫೀಜು ಹಚ್ಚಿಕೊಂಡು ಬಂತು ಎಂದು ನಗಬಹುದು. ಅದ್ವೈತವಿರಲಿ, ಬೌದ್ಧವಿರಲಿ, ಗ್ರೀಕರದ್ದಿರಲಿ, ಮೊದಲೇ ಹೇಳಿದರೆ ತಕರಾರಿಲ್ಲ. ಮೊದಲ ಹಂತ ಮುಗಿದ ಮೇಲೆ ದೀಕ್ಷೆ, ದೇಣಿಗೆ ಎಂದು ಮಾತು ತೆಗೆಯುವವರಾದರೆ ದೂರ ಇರಿ. ಸಂಸ್ಕೃತ, ಇಂಗ್ಲಿಷು ಯಾವುದೂ ಬೇಕಿಲ್ಲ, ಬಿ.ಕಾಂ.ಗಿಂತ ನಿಮ್ಮ ಖಾತೆ ಬರೆಯುವ ರೂಢಿಯೇ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಮೊದಲ ವಾರಗಳಲ್ಲಿ ಸಾಮಾನ್ಯವಾಗಿ ನಿಲುಗಡೆಯ ಅಭ್ಯಾಸ ಮಾಡಿಸುತ್ತಾರೆ. ಬೆನ್ನು ನೆಟ್ಟಗೆ, ಪಾದ ನೆಲಕ್ಕೆ ತಾಗಿಸಿ ಕೂತು, ಪಾದದ ಭಾರ, ಬಟ್ಟೆಯ ಸ್ಪರ್ಶ, ಹತ್ತಿರದ ಸದ್ದು, ಕೊನೆಗೆ ಅತಿ ದೂರದ ಸದ್ದು ಹೀಗೆ ಒಂದೊಂದಾಗಿ ಗಮನ ಕೊಡುವುದು. ಎರಡು ಮೂರು ನಿಮಿಷ ಸಾಕು. ಇದನ್ನು ಮಲಗುವ ಮುನ್ನ ಮಾಡಿದರೆ ನಿದ್ದೆ ಬರುತ್ತದೆ, ಅಭ್ಯಾಸವಾಗುವುದಿಲ್ಲ. ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ನಡುವೆ, ಅಂದರೆ ಕಾಂಟಾ ಚೀಟಿ (ತೂಕದ ಚೀಟಿ) ಕೈಗೆ ಬಂದು ಖಾತೆ ತೆರೆಯುವ ಮೊದಲು ಮಾಡಿ.

ಸಿಟ್ಟಿನ ವಿಷಯಕ್ಕೆ ಹೆಚ್ಚು ಕೆಲಸಕ್ಕೆ ಬರುವುದು ಗ್ರೀಕ್ ತತ್ವಜ್ಞಾನಿ ಎಪಿಕ್ಟೆಟಸನ ವಿಂಗಡಣೆ. ಅವನು ಗುಲಾಮನಾಗಿ ಹುಟ್ಟಿ, ಆಮೇಲೆ ಬಿಡುಗಡೆಯಾಗಿ, ಗ್ರೀಸಿನ ನಿಕೊಪೊಲಿಸ್‌ನಲ್ಲಿ ಪಾಠ ಹೇಳಿದವನು. ನಮ್ಮ ಅಭಿಪ್ರಾಯ, ಬಯಕೆ, ಬೇಡವೆನ್ನುವಿಕೆ, ಮುಂದಿಡುವ ಹೆಜ್ಜೆ ನಮ್ಮ ಕೈಯಲ್ಲಿವೆ. ಮೈ, ಆಸ್ತಿ, ಹೆಸರು, ಹುದ್ದೆ ನಮ್ಮ ಕೈಯಲ್ಲಿಲ್ಲ ಎಂಬುದು ಅವನ ಲೆಕ್ಕ. ನೋಟ್‌ಬುಕ್ಕಿನ ಹಾಳೆಗೆ ನಡುವೆ ಗೆರೆ ಎಳೆಯಿರಿ: ಎಡಗಡೆ ಕೈಯಲ್ಲಿರುವುದು, ಬಲಗಡೆ ಕೈಯಲ್ಲಿಲ್ಲದ್ದು. ರೈತ ಬಂದು ‘ತೂಕ ಕಮ್ಮಿ ಬಂದದ’ ಎಂದು ಕೂಗಾಡಿದ ಅಂತಿಟ್ಟುಕೊಳ್ಳಿ. ಅವತ್ತಿನ ದರ, ಕಾಳಿನ ಹಸಿ, ಅವನ ದನಿ ಬಲಗಡೆಗೆ. ಕಾಂಟಾ ಚೀಟಿ ತೋರಿಸುವುದು, ಇನ್ನೊಮ್ಮೆ ತೂಗಿಸುವುದು, ನಿಮ್ಮ ದನಿ ಎಡಗಡೆಗೆ.

ಇಲ್ಲಿ ಎರಡು ತಪ್ಪು ಆಗುತ್ತವೆ. ‘ರೈತ ಸಮಾಧಾನ ಆಗಬೇಕು’ ಎಂದು ಎಡಗಡೆ ಬರೆಯುವುದು ಒಂದು. ಅದು ಫಲಿತಾಂಶ, ನಿಮ್ಮದಲ್ಲ. ಎಡಗಡೆ ಕೂತರೆ ಅವನು ಸಮಾಧಾನ ಆಗದಿದ್ದಾಗ ಮತ್ತೆ ಸಿಟ್ಟು ಏರುತ್ತದೆ. ಇದಕ್ಕಿಂತ ಕೆಟ್ಟದ್ದು ಎರಡನೆಯದು: ತನ್ನ ಹೊಣೆಯನ್ನೇ ಬಲಗಡೆಗೆ ದಬ್ಬುವುದು. ‘ಸಾಹುಕಾರರು ಹೇಳಿದ್ದನ್ನ ಬರೀತೀನಿ, ನನ್ನ ಕೈಯಾಗ ಏನದ?’ ಎಂಬುದು ತತ್ವಶಾಸ್ತ್ರವಲ್ಲ, ನುಣುಚಿಕೊಳ್ಳುವಿಕೆ. ಸುಳ್ಳು ಅಂಕಿಗೆ ಪೆನ್ನು ಓಡಿಸುವುದು, ಬಿಡುವುದು ನಿಮ್ಮ ಕೈಯಲ್ಲೇ ಇದೆ. ಬಿಟ್ಟರೆ ನೌಕರಿ ಉಳಿಯುತ್ತದೋ ಇಲ್ಲವೋ ಅದು ಮಾತ್ರ ಕೈಯಲ್ಲಿಲ್ಲ. ಈ ಅಭ್ಯಾಸ ಹೇಳಿಕೊಟ್ಟವನು ಒಡೆಯನ ಕೆಳಗೆ ಬದುಕಿದವನು ಎಂಬುದನ್ನು ಮರೆಯಬೇಡಿ. ಎಲ್ಲವೂ ಹಣೆಬರಹ ಎಂದು ಕೈಕಟ್ಟಿ ಕೂರುವ ಮಾತನ್ನು ಅವನು ಆಡಲಿಲ್ಲ.

ರಾತ್ರಿಗೆ ರೋಮಿನ ತತ್ವಜ್ಞಾನಿ ಸೆನೆಕನ ಪದ್ಧತಿ. ದೀಪ ಆರಿದ ಮೇಲೆ, ಅವನ ಈ ರೂಢಿ ತಿಳಿದ ಹೆಂಡತಿ ಮಾತು ನಿಲ್ಲಿಸಿದ ಮೇಲೆ, ಇಡೀ ದಿನದ ನಡೆನುಡಿಯನ್ನು ತನ್ನ ಮುಂದೆಯೇ ಇಟ್ಟುಕೊಂಡು ವಿಚಾರಣೆ ಮಾಡುತ್ತಿದ್ದನೆಂದು ಅವನೇ ಬರೆದಿದ್ದಾನೆ. ನೀವು ಮೂರು ಸಾಲು ಬರೆಯಿರಿ: ಇಂದು ಎಲ್ಲಿ ದನಿ ಏರಿತು, ಅದಕ್ಕೆ ಸ್ವಲ್ಪ ಮೊದಲು ತಲೆಯಲ್ಲಿ ಯಾವ ಮಾತು ಬಂತು, ನಾಳೆ ಅದೇ ಜಾಗದಲ್ಲಿ ಏನು ಮಾಡುವುದು. ನಡುವಿನ ಸಾಲು ಕಷ್ಟದ್ದು, ಬೆಲೆ ಇರುವುದೂ ಅದಕ್ಕೇ. ‘ಅವನು ನನ್ನನ್ನು ಕಳ್ಳ ಅಂದ’ ಎಂದು ಸಿಕ್ಕರೆ, ಸಿಟ್ಟು ಬಂದದ್ದು ತೂಕದ ಮೇಲಲ್ಲ, ಮರ್ಯಾದೆಯ ಮೇಲೆ ಎಂದು ತಿಳಿಯುತ್ತದೆ. ತನ್ನನ್ನು ಬೈದುಕೊಳ್ಳುವುದು ಬೇಡ. ಸೆನೆಕನೂ ಇನ್ನೊಮ್ಮೆ ಹೀಗೆ ಮಾಡಬೇಡ, ಈ ಸಲ ಕ್ಷಮಿಸಿದೆ ಎಂದು ತನಗೇ ಹೇಳಿಕೊಂಡು ಮುಗಿಸುತ್ತಿದ್ದ. ಹೆಂಡತಿ ಮಕ್ಕಳ ತಪ್ಪು ಈ ಪುಟದಲ್ಲಿ ಬರಕೂಡದು. ಬಂದರೆ ಆ ಪುಟ ಹರಿದುಹಾಕಿ.

ಗುಂಪಿನ ಚರ್ಚೆಗೆ ಜರ್ಮನಿಯ ತತ್ವಜ್ಞಾನಿ ಲೆಯೊನಾರ್ಡ್ ನೆಲ್ಸನ್ನನ ಸಾಕ್ರಟೀಸ್ ಮಾದರಿಯನ್ನು ಅನುಸರಿಸುವವರಾದರೆ ಸಂತೋಷ. ಒಬ್ಬರು ತಮ್ಮ ಅನುಭವದ ಒಂದು ಘಟನೆ ಹೇಳುತ್ತಾರೆ, ಅದನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಉಳಿದವರು ಅದನ್ನೇ ಹಿಡಿದು ಪ್ರಶ್ನೆ ಕೇಳುತ್ತಾರೆ. ಘಟನೆ ಮುಗಿದದ್ದಾಗಿರಬೇಕು, ಕೋರ್ಟಿನಲ್ಲಿರುವ ಹೊಲದ ವ್ಯಾಜ್ಯ ತಂದರೆ ಚರ್ಚೆ ಪಂಚಾಯಿತಿಯಾಗುತ್ತದೆ. ಗ್ರಂಥದ ಆಧಾರ ಕೊಟ್ಟು ಬಾಯಿ ಮುಚ್ಚಿಸುವಂತಿಲ್ಲ. ವಚನ, ತತ್ವಪದ ಬಾಯಿಪಾಠ ಬರುವ ನಮ್ಮ ಸೀಮೆಯವರಿಗೆ ಈ ನಿಯಮ ಪಾಲಿಸುವುದು ಭಾರಿ ಕಷ್ಟ. ಬಸವಣ್ಣನವರ ಮಾತು ಬಂದೊಡನೆ ಎಲ್ಲರೂ ತಲೆಯಾಡಿಸುತ್ತಾರೆ, ಯೋಚನೆ ಅಲ್ಲಿಗೇ ನಿಲ್ಲುತ್ತದೆ. ನಮ್ಮ ಹಳೆಯ ತರ್ಕಶಾಸ್ತ್ರವಾದ ನ್ಯಾಯದರ್ಶನದವರು ತಿಳಿಯಲು ಆಡುವುದು ವಾದ, ಗೆಲ್ಲಲು ಆಡುವುದು ಜಲ್ಪ, ತನ್ನ ಪಕ್ಷವೇ ಇಲ್ಲದೆ ಎದುರಿನವರದನ್ನು ಕೆಡಹುವುದು ವಿತಂಡ ಎಂದು ಬೇರೆ ಮಾಡಿದ್ದಾರೆ. ಪ್ರತಿ ತಂಡದಲ್ಲೂ ಒಬ್ಬ ವಿತಂಡಿ ಇರುತ್ತಾನೆ. ‘ಹಾಗಾದರೆ ನಿಮ್ಮ ಅಭಿಪ್ರಾಯ ಏನ್ರೀ?’ ಎಂದು ಶಿಕ್ಷಕರು ಅವನನ್ನು ಕೇಳದಿದ್ದರೆ ನೀವು ಕೇಳಿ.

ಸಿಟ್ಟಿನಲ್ಲಿ ಕೈ ಎತ್ತುವ ಮಟ್ಟಕ್ಕೆ ಹೋಗಿದ್ದರೆ, ಅಥವಾ ನಿದ್ದೆ, ಊಟ ಕೆಟ್ಟಿದ್ದರೆ ತರಗತಿಯನ್ನು ಕಾಯಬೇಡಿ. ಸರ್ಕಾರದ ಟೆಲಿಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಜುಲೈವರೆಗೆ ಗೆರೆ ಎಳೆದ ಹಾಳೆ ಮತ್ತು ರಾತ್ರಿಯ ಮೂರು ಸಾಲು, ಇವೆರಡನ್ನೇ ನಡೆಸಿ. ಹಂಗಾಮಿನ ಗದ್ದಲದ ದಿನಗಳಲ್ಲಿ ಹಾಳೆ ಬಿಟ್ಟು ಮೂರು ಸಾಲನ್ನಾದರೂ ಉಳಿಸಿಕೊಳ್ಳಿ. ಸೇರುವ ದಿನ ಆ ನೋಟ್‌ಬುಕ್ ಒಯ್ಯಿರಿ, ಬೋರ್ಡಿನ ಮೇಲೆ ಬರೆಸಲು ನಿಮ್ಮ ಬಳಿ ಮುಗಿದ ಘಟನೆಗಳು ಬೇಕಾದಷ್ಟು ಇರುತ್ತವೆ.

— ಸಂ.