ಹೋಲಿ ಐಲ್ಯಾಂಡ್‌ಗೆ ಮೋಟರ್‌ಹೋಮ್: ಹಗಲು ಸರಿ, ರಾತ್ರಿ ಇಲ್ಲ

ಸರ್, ಇಂಗ್ಲೆಂಡಿನ ಲಿಂಡಿಸ್ಫಾರ್ನ್ ದ್ವೀಪಕ್ಕೆ, ಅಂದ್ರೆ ಹೋಲಿ ಐಲ್ಯಾಂಡ್‌ಗೆ, ಮೋಟರ್‌ಹೋಮ್ (ಒಳಗೇ ಮಲಗೋ ವ್ಯವಸ್ಥೆ ಇರೋ ಗಾಡಿ) ಒಯ್ದು ಅಲ್ಲೇ ಮಲಗಬಹುದಾ ಅಂತ ಕೇಳಿದ್ದೀರಿ. ಮಲಗೋ ಹಾಗಿಲ್ಲ. ಗಾಡಿಯಲ್ಲೂ ಇಲ್ಲ, ಟೆಂಟಲ್ಲೂ ಇಲ್ಲ. ಹಗಲು ಹೋಗಿ ಬನ್ನಿ.

ನಿಜವಾದ ತಲೆನೋವು ದ್ವೀಪಕ್ಕೆ ಹೋಗೋ ದಾರಿಯದು ನೋಡ್ರಿ. ಉಬ್ಬರ ಬಂದಾಗ, ದಿನಕ್ಕೆ ಎರಡು ಸಲ, ಸಮುದ್ರದಲ್ಲಿ ಮುಳುಗುತ್ತದೆ. ನಮ್ಮ ಕಲಬುರಗಿ ಕಡೆ ಭೀಮಾ ತುಂಬಿದರೆ ಘತ್ತರಗಿ ಸೇತುವೆ ಮುಳುಗುತ್ತಲ್ವಾ, ಹಾಗೇ. ಆದರೆ ಅಲ್ಲಿ ವೇಳಾಪಟ್ಟಿ ಮೊದಲೇ ಸಿಗುತ್ತದೆ. ಅಲ್ಲಿನ ಸ್ಥಳೀಯ ಆಡಳಿತವಾದ ನಾರ್ತಂಬರ್‌ಲ್ಯಾಂಡ್ ಕೌನ್ಸಿಲ್ ದಾಟುವ ಸಮಯ ಹಾಕಿರುತ್ತದೆ, ದಿನಕ್ಕೊಂದು ಥರ. ನೀರು ಗಾಲಿಯಷ್ಟೇ ಇದೆ ಅಂತ ಸುಮ್ನೆ ನುಗ್ಗಬೇಡಿ. ದಾರಿ ಪಕ್ಕ ಕಂಬಗಳ ಮೇಲೆ ಬಿಳಿ ಬಣ್ಣದ ಮರದ ಗೂಡು ಕಾಣುತ್ತದೆ, ಮೆಟ್ಟಿಲೂ ಇದೆ. ಹಾಗೆ ನುಗ್ಗಿ ಸಿಕ್ಕಿಕೊಂಡವರು ಹತ್ತಿ ಕೂರೋಕೆ ಅದು!

ರಾತ್ರಿಗೆ ಈಚೆ ದಡದ ಕ್ಯಾಂಪ್‌ಸೈಟ್ ಬುಕ್ ಮಾಡಿ. ಬಂದ ಕೂಡಲೇ ಗಾಡಿಯ ತಳಕ್ಕೆ ಸಿಹಿನೀರು ಹೊಡೆಯಿರಿ, ಉಪ್ಪಿಗೆ ತುಕ್ಕು ಹಿಡಿಯುತ್ತದೆ.