ಓದಿದವರದ್ದೇ ಓಟು

ಈ ಸಲ ಕೊಡಗಿನ ಪತ್ರಗಳೇ ಜಾಸ್ತಿ ಬಂದಿವೆ. ಲೈಬ್ರರಿಯ ಓದುಗರೇ ಓಟು ಹಾಕಿ ಜಿಲ್ಲೆಯ ಲೇಖಕರಿಗೆ ವರ್ಷಕ್ಕೊಂದು ಪ್ರಶಸ್ತಿ ಕೊಡಬೇಕು ಅನ್ನುವ ಮಾತು ಅಲ್ಲಿ ಎದ್ದಿದೆ. ನನಗೆ ಈ ಯೋಚನೆ ತುಂಬಾ ಹಿಡಿಸಿತು. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು ಇವತ್ತು ಇದನ್ನೇ ಪೂರ್ತಿ ತೆಗೆದುಕೊಂಡಿದ್ದೇನೆ.

ಪ್ರಶ್ನೆ: ಮೇಡಂ, ದಿನಾ ಲೈಬ್ರರಿಗೆ ಬರುವ ನಾವು ಕೆಲವರು ಸೇರಿ ಈ ಪ್ರಶಸ್ತಿ ಶುರು ಮಾಡೋಣ ಅಂತಿದ್ದೇವೆ. ವಾಟ್ಸಪ್‌ನಲ್ಲಿ ಲಿಂಕ್ ಬಿಟ್ಟರೆ ಸಾವಿರಾರು ಓಟು ಬರುತ್ತವೆ ಅಂತ ಕೆಲವರು ಹೇಳ್ತಾರೆ. ಹಾಗೆ ಮಾಡಿದರೆ ದೊಡ್ಡ ಮನೆತನದ ಲೇಖಕರೇ ಗೆಲ್ತಾರೆ ಅನ್ನೋದು ಇನ್ನು ಕೆಲವರ ವಾದ. ಯಾವುದು ಸರಿ?
– ಓದುಗರೊಬ್ಬರು, ವಿರಾಜಪೇಟೆ

ಉತ್ತರ: ಲಿಂಕ್ ಬೇಡ. ಲಿಂಕ್ ಒತ್ತಿದವರು ಪುಸ್ತಕ ಓದಿದ್ದಾರೋ ಇಲ್ಲವೋ ಗೊತ್ತಾಗುವುದಿಲ್ಲ, ಲೇಖಕರಿಗೆ ಎಷ್ಟು ಜನ ಪರಿಚಯ ಅನ್ನುವುದಷ್ಟೇ ಗೊತ್ತಾಗುತ್ತದೆ. ನಿಮ್ಮದು ಚಿಕ್ಕ ಜಿಲ್ಲೆ, 2011ರ ಜನಗಣತಿಯಲ್ಲಿ 5,54,519 ಜನ. ಒಬ್ಬರನ್ನು ಕೇಳಿದರೆ ಇನ್ನೊಬ್ಬರ ಮನೆಯ ವಿಷಯ ಗೊತ್ತಾಗುವಷ್ಟು ಹತ್ತಿರದ ಬಳಕೆ. 1997ರಲ್ಲಿ ಕರಡದಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿಯಲ್ಲಿ ನಮ್ಮ ಒಕ್ಕ, ಅಂದರೆ ನಮ್ಮ ಮನೆತನ, ಅಂತ ಕೂಗಿ ಹುರಿದುಂಬಿಸುವುದೇ ಚೆಂದ, ಅದಕ್ಕಾಗಿಯೇ ಜನ ಬೆಂಗಳೂರಿನಿಂದ ರಜಾ ಹಾಕಿ ಬರುತ್ತಾರೆ. ಪುಸ್ತಕಕ್ಕೆ ಅದೇ ಲೆಕ್ಕ ಹಿಡಿದರೆ ಒಂಟಿಯಾಗಿ ಕೂತು ಬರೆಯುವವರು, ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದು ಈಗಷ್ಟೇ ಕವಿತೆ ಅಚ್ಚು ಹಾಕಿಸಿದ ಹುಡುಗಿ, ಇವರೆಲ್ಲ ಮೊದಲ ದಿನವೇ ಸೋತಂತೆ.

ಹಾಗಂತ ಓಟನ್ನೇ ಬಿಡಬೇಕಾಗಿಲ್ಲ. ಓಟಿನ ಹಕ್ಕನ್ನು ಓದಿದವರಿಗೆ ಮಾತ್ರ ಕೊಟ್ಟರೆ ಆಯಿತು. ಕೆನಡಾದ ಅಂಟಾರಿಯೋದಲ್ಲಿ ಅಲ್ಲಿನ ಗ್ರಂಥಾಲಯ ಸಂಘ ಶಾಲಾ ಮಕ್ಕಳಿಗೆ ಹತ್ತು ಪುಸ್ತಕಗಳ ಪಟ್ಟಿ ಕೊಡುತ್ತದೆ, ಐದನ್ನಾದರೂ ಓದಿದ ಮಗುವಿಗೆ ಮಾತ್ರ ಓಟು. ಫ್ರಾನ್ಸ್‌ನಲ್ಲಿ 1988ರಿಂದ ಸುಮಾರು 2,000 ಹೈಸ್ಕೂಲು ವಿದ್ಯಾರ್ಥಿಗಳು ಆ ವರ್ಷದ ಕಾದಂಬರಿಗಳನ್ನು ಓದಿ, ತರಗತಿಯಲ್ಲಿ ಜಗಳವಾಡಿ, ಒಂದನ್ನು ಆರಿಸುತ್ತಾರೆ. ಅಲ್ಲಿನ ಹೆಸರಾದ ಸಾಹಿತ್ಯ ಪ್ರಶಸ್ತಿ ಗೊಂಕೂರ್‌ನ ವಿದ್ಯಾರ್ಥಿ ಆವೃತ್ತಿ ಅದು. ಅಲ್ಲಿನ ಪುಸ್ತಕದ ಅಂಗಡಿಗಳಲ್ಲಿ ಅದಕ್ಕೆ ತುಂಬಾ ಬೆಲೆ ಇದೆ.

ನೀವು ನಾಲ್ಕೇ ಪುಸ್ತಕದ ಪಟ್ಟಿ ಮಾಡಿ. ನಾಲ್ಕನ್ನೂ ಓದಿದವರಿಗೆ ಮಾತ್ರ ಓಟು ಅಂತ ನಿಯಮ ಹಾಕಿ. ಓದಿದ್ದಕ್ಕೆ ಸಾಕ್ಷಿ ಬೇಕು ಅಂದರೆ ಲೈಬ್ರರಿಯಲ್ಲಿ ಎರವಲಿನ ಲೆಕ್ಕ ಬರೆಯುವ ರಿಜಿಸ್ಟರ್ ಇದ್ದೇ ಇದೆ, ಯಾರು ಯಾವತ್ತು ಯಾವ ಪುಸ್ತಕ ಒಯ್ದರು, ಯಾವತ್ತು ವಾಪಸ್ ತಂದರು ಅನ್ನುವುದು ಅದರಲ್ಲಿ ಬರೆದಿರುತ್ತದೆ. ಬೇರೆ ಯಾವ ಸಂಘ ಸಂಸ್ಥೆಯ ಹತ್ತಿರವೂ ಈ ದಾಖಲೆ ಇಲ್ಲ. ಈ ಪ್ರಶಸ್ತಿಯನ್ನು ಲೈಬ್ರರಿಯೇ ಕೊಡಬೇಕು ಅಂತ ನಾನು ಹಟ ಹಿಡಿಯುವುದು ಅದಕ್ಕೇ. ಒಯ್ದವರೆಲ್ಲ ಓದುತ್ತಾರಾ ಅಂತ ಕೇಳಬಹುದು. ಎಲ್ಲರೂ ಓದಲಿಕ್ಕಿಲ್ಲ. ಆದರೆ ನಾಲ್ಕು ಸಲ ಲೈಬ್ರರಿಗೆ ಹತ್ತಿ ಇಳಿದು, ನಾಲ್ಕು ಪುಸ್ತಕ ಒಯ್ದು ತಂದು ಸುಳ್ಳು ಓಟು ಹಾಕುವಷ್ಟು ತಾಳ್ಮೆ ಇರುವವರು ತುಂಬಾ ಕಡಿಮೆ ಜನ.

ಎಣಿಸುವ ಕ್ರಮವೂ ಮುಖ್ಯ. ಒಂದೇ ಹೆಸರಿಗೆ ಗುರುತು ಹಾಕಿಸಬೇಡಿ, ನಾಲ್ಕಕ್ಕೂ 1, 2, 3, 4 ಅಂತ ಬರೆಸಿ. ನೂರು ಓಟಿನಲ್ಲಿ ಒಂದು ಪುಸ್ತಕಕ್ಕೆ 34, ಉಳಿದವಕ್ಕೆ 30, 20, 16 ಬಂತು ಅಂತ ಇಟ್ಟುಕೊಳ್ಳಿ. ಸುಮ್ನೆ ಎಣಿಸಿದರೆ 34 ಬಂದದ್ದೇ ಗೆದ್ದಿತು. ಆದರೆ ಉಳಿದ 66 ಜನ ಅದನ್ನೇ ಕೊನೆಯ ಸ್ಥಾನದಲ್ಲಿ ಇಟ್ಟಿದ್ದರೆ? ಆಗ ಅದನ್ನು ಓದುಗರ ಆಯ್ಕೆ ಅಂತ ಕರೆಯಲು ನನಗಂತೂ ಮನಸ್ಸಾಗುವುದಿಲ್ಲ. ಅದರ ಬದಲು, 16 ಬಂದ ಪುಸ್ತಕವನ್ನು ಮೊದಲು ಬಿಟ್ಟು, ಆ 16 ಚೀಟಿಗಳಲ್ಲಿ ಎರಡನೇ ಸ್ಥಾನ ಯಾವುದಕ್ಕಿದೆಯೋ ಅದಕ್ಕೆ ಸೇರಿಸಬೇಕು. ಒಂದು ಪುಸ್ತಕ ಅರ್ಧಕ್ಕಿಂತ ಜಾಸ್ತಿ ಓಟು ಮುಟ್ಟುವವರೆಗೂ ಹೀಗೇ ಮುಂದುವರಿಸಬೇಕು. ನಮ್ಮ ರಾಷ್ಟ್ರಪತಿ ಚುನಾವಣೆಯ ಕ್ರಮವೇ ಇದು. 1969ರಲ್ಲಿ ಮೊದಲ ಸುತ್ತಿನಲ್ಲಿ ಯಾರಿಗೂ ಬಹುಮತ ಬರದೆ, ಎರಡನೇ ಪ್ರಾಶಸ್ತ್ಯದ ಮತ ಎಣಿಸಿದ ಮೇಲೆ ವಿ.ವಿ. ಗಿರಿಯವರು ಸಂಜೀವ ರೆಡ್ಡಿಯವರ ಎದುರು ಗೆದ್ದರು. ಒಂದು ಮೇಜು, ನಾಲ್ಕು ರಟ್ಟಿನ ಪೆಟ್ಟಿಗೆ ಇದ್ದರೆ ಒಂದು ಸಂಜೆಯಲ್ಲಿ ಮುಗಿಯುವ ಎಣಿಕೆ. ಎಲ್ಲರ ಎದುರಿಗೇ ಎಣಿಸಿ.

ಪ್ರಶ್ನೆ: ಪಟ್ಟಿ ಆರಿಸುವವರು ಯಾರು? ರಾಜಕೀಯ ಶುರುವಾಗುವುದೇ ಅಲ್ಲಿ ಅಲ್ವಾ?
– ಗೋಣಿಕೊಪ್ಪ

ಉತ್ತರ: ಹೌದು, ಅಲ್ಲೇ. ಕಳೆದ ಎರಡು ವರ್ಷದಲ್ಲಿ ಬಂದ ಪುಸ್ತಕಗಳ ಹೆಸರನ್ನು ಯಾವ ಓದುಗರು ಬೇಕಾದರೂ ಚೀಟಿಯಲ್ಲಿ ಬರೆದು ಕೊಡಲಿ. ಅದರಿಂದ ನಾಲ್ಕನ್ನು ಆರಿಸಲು ಐದು ಜನ ಸಾಕು. ಲೈಬ್ರರಿಯವರು ಒಬ್ಬರು, ಮೇಷ್ಟರು ಒಬ್ಬರು, ಉಳಿದ ಮೂವರು ಬರೀ ಓದುಗರು. ಲೇಖಕರು, ಪ್ರಕಾಶಕರು, ಅವರ ಮನೆಯವರು ಬೇಡ. ಒಂದು ವರ್ಷ ಕೂತವರು ಮರುವರ್ಷ ಕೂರಬಾರದು. ಈ ನಾಲ್ಕನ್ನೇ ಯಾಕೆ ಆರಿಸಿದೆವು ಅಂತ ಒಂದು ಪುಟ ಬರೆದು ಲೈಬ್ರರಿಯ ಬಾಗಿಲಿಗೆ ಅಂಟಿಸಲಿ.

ಪ್ರಶ್ನೆ: ಎಷ್ಟು ಪ್ರತಿ ಬೇಕು, ಎಷ್ಟು ಖರ್ಚಾಗುತ್ತದೆ, ಹಣ ಎಲ್ಲಿಂದ ತರುವುದು?
– ಕುಶಾಲನಗರ

ಉತ್ತರ: ಲೆಕ್ಕ ಹಾಕೋಣ. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ, ಪೊನ್ನಂಪೇಟೆ, ಕುಶಾಲನಗರ, ಐದು ತಾಲ್ಲೂಕು ಕೇಂದ್ರ. ಒಂದೊಂದು ಕಡೆ ಒಂದೊಂದು ಪುಸ್ತಕದ ಮೂರು ಪ್ರತಿ ಇಟ್ಟರೆ ಒಟ್ಟು 60 ಪ್ರತಿ. ಸರಾಸರಿ 200 ರೂಪಾಯಿ ಬೆಲೆ ಅಂದರೆ 12,000. ಒಬ್ಬರಿಗೆ ಹದಿನೈದು ದಿನ ಕೊಟ್ಟರೆ ನಾಲ್ಕು ತಿಂಗಳಲ್ಲಿ ಒಂದು ಪ್ರತಿ ಎಂಟು ಜನರ ಕೈಗೆ ಹೋಗುತ್ತದೆ. ಅಂದರೆ ಒಂದು ಪುಸ್ತಕಕ್ಕೆ 120 ಓದುಗರು. ಇಷ್ಟೇನಾ ಅನ್ನಬೇಡಿ. ಜಿಲ್ಲೆಯ ಒಬ್ಬ ಲೇಖಕರ ಪುಸ್ತಕವನ್ನು ಪರಿಚಯವೇ ಇಲ್ಲದ 120 ಜನ ಪೂರ್ತಿ ಓದುವುದು ಎಷ್ಟು ದೊಡ್ಡದು ಅಂತ ಬರೆಯುವವರನ್ನು ಕೇಳಿ ನೋಡಿ.

ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಶೇ. 6 ಗ್ರಂಥಾಲಯ ಕರ ಕಟ್ಟುತ್ತೇವೆ. 1965ರ ಗ್ರಂಥಾಲಯ ಕಾಯಿದೆಯಿಂದ ಬಂದ ವ್ಯವಸ್ಥೆ ಅದು. ಆ ಹಣ ಪುಸ್ತಕಕ್ಕೇ ಹೋಗಬೇಕು, ಪ್ರಶಸ್ತಿಯ ಮೊತ್ತಕ್ಕೆ ಅದನ್ನು ಕೇಳಬೇಡಿ. ಪ್ರಶಸ್ತಿಗೆ ಊರವರು ಯಾರಾದರೂ ದತ್ತಿ ಇಡಲಿ, ಮೊತ್ತ ಸಣ್ಣದಿದ್ದರೂ ಪರವಾಗಿಲ್ಲ. ಇನ್ನೊಂದು ವಿಷಯ. ಪಟ್ಟಣದ ಲೈಬ್ರರಿ ಇರುವುದು ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಕೈಯಲ್ಲಿ. ಗ್ರಾಮ ಪಂಚಾಯಿತಿಯ ಲೈಬ್ರರಿಗಳು, ಈಗ ಅರಿವು ಕೇಂದ್ರ ಅನ್ನುತ್ತಾರಲ್ಲ, ಅವು ಪಂಚಾಯತ್ ರಾಜ್ ಇಲಾಖೆಗೆ ಸೇರಿವೆ. ಹಳ್ಳಿಯ ಓದುಗರೂ ಬೇಕು ಅಂದರೆ ಎರಡೂ ಕಡೆ ಅರ್ಜಿ ಕೊಡಬೇಕಾಗುತ್ತದೆ. ಒಂದೇ ಕಡೆ ಕೊಟ್ಟು ಕಾಯುತ್ತಾ ಕೂತರೆ ವರ್ಷವೇ ಹೋಗುತ್ತದೆ.

ಪ್ರಶ್ನೆ: ನಾನು ಕಥೆ ಬರೆಯುತ್ತೇನೆ. ಸ್ವಂತ ದುಡ್ಡಿನಲ್ಲಿ 500 ಪ್ರತಿ ಅಚ್ಚು ಹಾಕಿಸಿದೆ, ಅರ್ಧ ಇನ್ನೂ ಮಂಚದ ಕೆಳಗೇ ಇವೆ. ಈ ಓಟಿನ ಪ್ರಶಸ್ತಿ ಬಂದರೆ ಮನೆ ಮನೆಗೆ ಹೋಗಿ ಓಟು ಕೇಳಬೇಕಾ? ನನಗೆ ನಾಚಿಕೆ. ತಿಳಿದವರು ಕೂತು ತೀರ್ಪು ಕೊಡುವ ಪ್ರಶಸ್ತಿಯೇ ಗೌರವದ್ದು ಅಲ್ಲವೇ ಮೇಡಂ?
– ಕಥೆಗಾರರೊಬ್ಬರು, ಸೋಮವಾರಪೇಟೆ

ಉತ್ತರ: ಓಟು ಕೇಳಲೇಬಾರದು. ಇದನ್ನು ನಿಯಮದಲ್ಲೇ ಬರೆಸಬೇಕು. ನನ್ನ ಪುಸ್ತಕ ಲೈಬ್ರರಿಯಲ್ಲಿದೆ, ಓದಿ ಅಂತ ಹೇಳಬಹುದು. ನನಗೆ ಓಟು ಹಾಕಿ ಅಂದರೆ ಪುಸ್ತಕ ಪಟ್ಟಿಯಿಂದ ಹೊರಗೆ. ಆಗ ನಿಮ್ಮಂಥ ಸಂಕೋಚದವರಿಗೂ ಸಭೆಯಲ್ಲಿ ಚೆನ್ನಾಗಿ ಮಾತಾಡುವವರಿಗೂ ಒಂದೇ ಅವಕಾಶ ಸಿಗುತ್ತದೆ.

ತೀರ್ಪುಗಾರರ ಪ್ರಶಸ್ತಿ ಬೇಡ ಅಂತ ನಾನು ಹೇಳುವುದಿಲ್ಲ. ಒಳ್ಳೆಯ ವಿಮರ್ಶಕರಿಗೆ ಕಾಣುವ ಕೆಲವು ಗುಣ ನಮಗೆ ಕಾಣುವುದಿಲ್ಲ. ಆದರೆ ಐದು ಜನ ವಿಮರ್ಶಕರು ಓದಿದರೆ ನಿಮಗೆ ಐದು ಓದುಗರು ಸಿಕ್ಕಿದರು, ಅಷ್ಟೇ. ನಿಮ್ಮ ಕಷ್ಟ ಮಂಚದ ಕೆಳಗಿರುವ ಪ್ರತಿಗಳದ್ದು. ಜಿಲ್ಲೆಯಲ್ಲಿ ಕನ್ನಡ ಪುಸ್ತಕ ಮಾರುವ ಅಂಗಡಿ ಹುಡುಕುವುದೇ ಕಷ್ಟ, ಬಿಡುಗಡೆಯ ದಿನ ನೆಂಟರು ಒಂದೊಂದು ಪ್ರತಿ ಕೊಂಡು ಒಯ್ದರೆ ಅಲ್ಲಿಗೆ ಮುಗಿಯಿತು. ಕೊಡಗಿನ ಗೌರಮ್ಮನವರನ್ನು ನೆನೆಸಿಕೊಳ್ಳಿ. 1912ರಲ್ಲಿ ಮಡಿಕೇರಿಯಲ್ಲಿ ಹುಟ್ಟಿದವರು, ಶುಂಠಿಕೊಪ್ಪದ ಹತ್ತಿರ ಕಾಫಿ ತೋಟದ ಮನೆಯಲ್ಲಿ ಕೂತು ಕಥೆ ಬರೆದವರು, 1939ರಲ್ಲಿ 27 ವರ್ಷಕ್ಕೇ ಹೋಗಿಬಿಟ್ಟರು. ಇವತ್ತಿಗೂ ನಾವು ಅವರ ಹೆಸರು ಹೇಳುತ್ತೇವೆ ಅಂದರೆ, ಆ ಕಥೆಗಳು ತೋಟದ ಗೇಟು ದಾಟಿ ಗುರುತಿಲ್ಲದವರ ಕೈಗೆ ಸಿಕ್ಕಿದ್ದರಿಂದ. ಈಗಲೂ ಅಂಥ ಮನೆಗಳಲ್ಲಿ ಕೂತು ಬರೆಯುವವರಿದ್ದಾರೆ. ಅವರ ಪುಸ್ತಕ ಗೇಟು ದಾಟುವುದಕ್ಕೆ ಒಂದು ದಾರಿ ಬೇಕು.

ವಿರಾಜಪೇಟೆಯವರಿಗೆ ಇನ್ನೊಂದು ಸಲಹೆಯನ್ನು ಇಲ್ಲೇ ಹೇಳುತ್ತೇನೆ. ಓಟಿನ ಚೀಟಿಯಲ್ಲಿ ಪ್ರತಿ ಪುಸ್ತಕದ ಮುಂದೆ ಎರಡು ಸಾಲು ಖಾಲಿ ಬಿಡಿ. ಯಾವ ಕಥೆ ಇಷ್ಟವಾಯಿತು, ಎಲ್ಲಿ ಬೇಸರ ಬಂತು, ಯಾವ ಪಾತ್ರ ನಮ್ಮ ಪಕ್ಕದ ಮನೆಯವರ ಹಾಗಿತ್ತು, ಏನು ತೋಚಿದರೂ ಬರೆಯಲಿ, ಹೆಸರು ಹಾಕುವುದು ಬೇಡ. ಎಣಿಕೆ ಮುಗಿದ ಮೇಲೆ ಆ ಸಾಲುಗಳನ್ನೆಲ್ಲ ನಕಲು ಮಾಡಿ ಲಕೋಟೆಯಲ್ಲಿ ಹಾಕಿ ನಾಲ್ಕೂ ಲೇಖಕರಿಗೆ ಕೊಡಿ. ಗೆದ್ದವರಿಗೆ ಹಾರ ಹೇಗೂ ಇದೆ. ನಾಲ್ಕನೆಯವರಿಗೂ ನೂರು ಓದುಗರ ಮಾತು ಸಿಗುತ್ತದೆ. ನೀವು ಗೆಲ್ಲದಿದ್ದರೂ ಮುಂದಿನ ಕಥೆ ಬರೆಯುವಾಗ ಆ ಲಕೋಟೆ ಮೇಜಿನ ಮೇಲಿರಲಿ, ನಾನಂತೂ ಅದನ್ನೇ ದೊಡ್ಡ ಪ್ರಶಸ್ತಿ ಅನ್ನುತ್ತೇನೆ.

ಪ್ರಶ್ನೆ: ಕೊಡವ ತಕ್ಕ್, ಅರೆಭಾಷೆ ಪುಸ್ತಕಗಳನ್ನು ಏನು ಮಾಡುವುದು? ಕನ್ನಡದ ಪಟ್ಟಿಯಲ್ಲೇ ಸೇರಿಸಬೇಕಾ?
– ಮಡಿಕೇರಿ

ಉತ್ತರ: ಇದು ಸೂಕ್ಷ್ಮದ ಪ್ರಶ್ನೆ, ನಾನೂ ತುಂಬಾ ಯೋಚಿಸಿದೆ. ಎರಡೂ ಭಾಷೆಯವರು ಬಳಸುವುದು ಕನ್ನಡ ಲಿಪಿಯನ್ನೇ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕೊಡವರ ಹಾಡುಗಳನ್ನು ಅಚ್ಚಿಗೆ ತಂದದ್ದೂ ಅದೇ ಲಿಪಿಯಲ್ಲಿ. ಆದರೆ ಅಕ್ಷರ ಓದಲು ಬಂದ ಮಾತ್ರಕ್ಕೆ ಅರ್ಥವಾಗಬೇಕಲ್ಲ. ನಾಲ್ಕನ್ನೂ ಓದಲೇಬೇಕು ಅಂತ ನಿಯಮ ಹಾಕಿ ಅದರಲ್ಲಿ ಒಂದು ಕೊಡವ ಪುಸ್ತಕ ಇಟ್ಟರೆ, ಆ ಭಾಷೆ ಬಾರದ ಓದುಗರೆಲ್ಲ ಓಟು ಕಳೆದುಕೊಳ್ಳುತ್ತಾರೆ. ಆಮೇಲೆ ಅದರ ಸಿಟ್ಟು ಪುಸ್ತಕದ ಮೇಲೆಯೇ ಬರುತ್ತದೆ. ಅದಕ್ಕೆ ಬೇರೆ ಚೀಟಿ, ಬೇರೆ ಪ್ರಶಸ್ತಿ ಇಡಿ. ಒಂದು ಭಾಷೆಯಲ್ಲಿ ಎರಡು ವರ್ಷದಲ್ಲಿ ಮೂರು ಪುಸ್ತಕ ಬಂದಿದ್ದರೂ ಸಾಕು, ಮೂರರ ಪಟ್ಟಿ ಮಾಡಬಹುದು. ಕೊಡವ ಸಾಹಿತ್ಯ ಅಕಾಡೆಮಿ, ಅರೆಭಾಷೆ ಅಕಾಡೆಮಿ ಎರಡೂ ನಿಮ್ಮ ಮಡಿಕೇರಿಯಲ್ಲೇ ಇವೆ, ಹೋಗಿ ಕೇಳಿ. ಯರವ, ಕುರುಬ ಬುಡಕಟ್ಟಿನವರ ಭಾಷೆಗಳಲ್ಲಿ ಅಚ್ಚಾದ ಪುಸ್ತಕ ಸಿಗದಿದ್ದರೆ ಒಂದು ಸಂಜೆ ಅವರ ಹಾಡು, ಕಥೆ ಕೇಳುವ ಕಾರ್ಯಕ್ರಮವನ್ನಾದರೂ ಲೈಬ್ರರಿಯಲ್ಲೇ ಇಡಿ. ಜಿಲ್ಲೆಯ ಪ್ರಶಸ್ತಿ ಅಂದ ಮೇಲೆ ಅವರು ಹೊರಗೆ ನಿಲ್ಲಬಾರದು.

ಪ್ರಶ್ನೆ: ಊರಿನ ಲೇಖಕರು ಅಂದರೆ ಯಾರು? ಬೆಂಗಳೂರಲ್ಲಿರುವವರು ಬರ್ತಾರಾ? ಹೊರಗಿಂದ ಬಂದು ಇಲ್ಲಿ ನೆಲೆಸಿದವರು?
– ಪೊನ್ನಂಪೇಟೆ

ಉತ್ತರ: ಇಲ್ಲಿ ಹುಟ್ಟಿ ಬೆಳೆದವರು ಎಲ್ಲೇ ಇರಲಿ, ಸೇರಿಸಿ. ಮೂರು ವರ್ಷದಿಂದ ಇಲ್ಲೇ ವಾಸ ಇರುವವರನ್ನೂ ಸೇರಿಸಿ, ಅವರ ಮನೆಮಾತು ಯಾವುದಾದರೂ ಆಗಲಿ. ಕಥೆ ಕೊಡಗಿನದೇ ಆಗಿರಬೇಕು ಅನ್ನುವ ಷರತ್ತು ಮಾತ್ರ ಹಾಕಬೇಡಿ. ಭಾರತೀಸುತರು ಕೊಡಗಿನವರು, ಅವರ ಹೆಸರಾದ ಕಾದಂಬರಿಯ ಎಡಕಲ್ಲು ಗುಡ್ಡ ಇರುವುದು ವಯನಾಡಿನಲ್ಲಿ.

ಪ್ರಶ್ನೆ: ಯಾವ ತಿಂಗಳಲ್ಲಿ ಇಟ್ಟರೆ ಒಳ್ಳೆಯದು?
– ನಾಪೋಕ್ಲು

ಉತ್ತರ: ಮಳೆಗಾಲದಲ್ಲಿ. ಕಾಫಿ ಕೊಯ್ಲು ಶುರುವಾದರೆ ಮಾರ್ಚ್ ತನಕ ಯಾರ ಕೈಗೂ ಪುಸ್ತಕ ಹಿಡಿಯಲು ಪುರುಸೊತ್ತಿರುವುದಿಲ್ಲ. ಜೂನ್ ಮೊದಲ ವಾರ ಪುಸ್ತಕ ಕೊಟ್ಟು ಸೆಪ್ಟೆಂಬರ್ ಕೊನೆಗೆ ಚೀಟಿ ತೆಗೆದುಕೊಳ್ಳಿ. ಕಕ್ಕಡದ, ಅಂದರೆ ಆಷಾಢದ ಹೊತ್ತಿನ ಮಳೆಯಲ್ಲಿ ಹೊರಗೆ ಹೋಗಲಾರದೆ ಮನೆಯೊಳಗೆ ಕೂತಿರುವಾಗ ಓದದವರೂ ಓದುತ್ತಾರೆ. ಕರೆಂಟ್ ಹೋಗುತ್ತದೆ, ನೆಟ್‌ವರ್ಕ್ ಇರುವುದಿಲ್ಲ, ಅದಕ್ಕೇ ಕಾಗದದ ಚೀಟಿಯೇ ಇರಲಿ ಅಂದದ್ದು. ರಸ್ತೆ ಕುಸಿದು ಲೈಬ್ರರಿಗೆ ಬರಲಾಗದಿದ್ದವರಿಗೆ ಹದಿನೈದು ದಿನದ ಗಡುವು ಹಿಡಿದು ದಂಡ ಹಾಕಬೇಡಿ. ಫಲಿತಾಂಶವನ್ನು ನವೆಂಬರ್ 14ರಿಂದ 20ರ ಗ್ರಂಥಾಲಯ ಸಪ್ತಾಹದಲ್ಲಿ ಹೇಳಬಹುದು.

ಪ್ರಶ್ನೆ: ನಾನು ಒಂಬತ್ತನೇ ಕ್ಲಾಸ್. ನಾನೂ ಓಟು ಹಾಕಬಹುದಾ ಮೇಡಂ? ಅಪ್ಪ ದೊಡ್ಡವರಿಗೆ ಮಾತ್ರ ಅಂದರು.
– ಶನಿವಾರಸಂತೆ

ಉತ್ತರ: ನಾಲ್ಕನ್ನೂ ಓದಿದರೆ ಖಂಡಿತ ಹಾಕಬಹುದು ಪುಟ್ಟಾ, ಇದಕ್ಕೆ ಹದಿನೆಂಟು ತುಂಬಬೇಕಾಗಿಲ್ಲ. ಲೈಬ್ರರಿ ಕಾರ್ಡ್ ಇಲ್ಲದಿದ್ದರೆ ಈಗಲೇ ಹೋಗಿ ಮಾಡಿಸು, ಅಪ್ಪನನ್ನೂ ಕರೆದುಕೊಂಡು ಹೋಗಿ ಅವರಿಗೂ ಒಂದು ಮಾಡಿಸು.