ಓದುಗರ ಪ್ರಶ್ನೆ, ನಮ್ಮ ಉತ್ತರ: ಕಾಠ್ಮಂಡು ಕಣಿವೆಯ ಗುಡಿಗಳು, ಜನರು ಮತ್ತು ಕ್ಯಾಮೆರಾ

ಪ್ರಶ್ನೆ: ದೀಪಾವಳಿಯ ಹೊತ್ತಿಗೆ ಪತ್ನಿಯೊಂದಿಗೆ ಕಾಠ್ಮಂಡು, ಪಾಟನ್ ಮತ್ತು ಭಕ್ತಪುರಗಳಿಗೆ ಹೋಗಬೇಕೆಂದಿದ್ದೇನೆ. ದೇವಾಲಯಗಳ ಜೊತೆಗೆ ಅಲ್ಲಿನ ಜನರ ಚಿತ್ರಗಳನ್ನೂ ತೆಗೆಯುವ ಆಸೆಯಿದೆ. ಆದರೆ ಭಾಷೆ ಬಾರದ ಊರಿನಲ್ಲಿ ಅಪರಿಚಿತರ ಮುಖಕ್ಕೆ ಕ್ಯಾಮೆರಾ ಹಿಡಿಯಲು ಸಂಕೋಚವಾಗುತ್ತದೆ. ದೂರದಲ್ಲಿ ನಿಂತು ಟೆಲಿ ಲೆನ್ಸ್‌ನಿಂದ ತೆಗೆದರೆ ತಪ್ಪೇ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಅದು ಬೇಡವೆಂದೇ ನನ್ನ ಸಲಹೆ, ಅದಕ್ಕೆ ಎರಡು ಕಾರಣಗಳಿವೆ. ಚಿತ್ರ ತೆಗೆಸಿಕೊಳ್ಳುವವರಿಗೆ ಗೊತ್ತಿಲ್ಲದಂತೆ ತೆಗೆಯುವುದು ಅವರಿಗೆ ಮಾಡುವ ಅಗೌರವ. ಜೊತೆಗೆ, ಟೆಲಿ ಲೆನ್ಸ್ ಮುಖವೊಂದನ್ನು ಮಾತ್ರ ಹಿಡಿದು ಹಿನ್ನೆಲೆಯನ್ನೆಲ್ಲ ಮಸುಕು ಮಾಡಿಬಿಡುತ್ತದೆ. ಈ ಕಣಿವೆಯ ವಿಶೇಷವಿರುವುದಾದರೋ ಜನರು ತಮ್ಮ ಗುಡಿಗಳ ನಡುವೆ, ಅವುಗಳ ಮೆಟ್ಟಿಲು ಜಗಲಿಗಳ ಮೇಲೆಯೇ ದಿನ ಕಳೆಯುವುದರಲ್ಲಿ. 35 ಅಥವಾ 50 ಮಿಲಿಮೀಟರಿನ ಲೆನ್ಸ್ ಇಟ್ಟುಕೊಂಡು ಹತ್ತಿರ ಹೋದರೆ ಮನುಷ್ಯರೂ ಅವರ ಹಿಂದಿನ ಕೆತ್ತನೆಯ ಕಿಟಕಿಯೂ ಒಂದೇ ಚಿತ್ರದಲ್ಲಿ ಬರುತ್ತವೆ, ಮತ್ತು ಅಷ್ಟು ಹತ್ತಿರ ಹೋದ ಮೇಲೆ ಅನುಮತಿ ಕೇಳದೆ ನಿರ್ವಾಹವಿಲ್ಲ.

ಭಾಷೆಯ ಚಿಂತೆ ಬೇಡ. ಅಂಗಡಿ ಬೀದಿಗಳಲ್ಲಿ ಹಿಂದಿ ಅರ್ಥವಾಗುತ್ತದೆ. ಆದರೂ ವಯಸ್ಸಾದ ಹೆಂಗಸರನ್ನು ‘ಆಮಾ’ ಎಂದೂ, ನಡುವಯಸ್ಸಿನವರನ್ನು ‘ದೀದಿ’ (ಅಕ್ಕ), ‘ದಾಯಿ’ (ಅಣ್ಣ) ಎಂದೂ ಕರೆದು, ‘ಫೋಟೊ ಖಿಚ್ದಾ ಹುಂಛ?’ (ಫೋಟೊ ತೆಗೆಯಬಹುದೇ?) ಎಂದು ನೇಪಾಳಿಯಲ್ಲಿ ಕೇಳಿದರೆ ಮುಖಭಾವವೇ ಸಡಿಲವಾಗುತ್ತದೆ. ‘ಹುಂದೈನ’ (ಆಗದು) ಎಂದರೆ ಕೈಮುಗಿದು ಮುಂದೆ ನಡೆಯಬೇಕು. ಎರಡನೆಯ ಸಲ ಕೇಳಬಾರದು.

ಮೂರು ನಗರಗಳನ್ನೂ ಕಾಠ್ಮಂಡುವಿನಿಂದಲೇ ಓಡಾಡಿ ನೋಡುವ ಬದಲು, ಅಲ್ಲಿಂದ ಸುಮಾರು 13 ಕಿಲೋಮೀಟರ್ ದೂರದ ಭಕ್ತಪುರದಲ್ಲಿ ಕೆಲವು ರಾತ್ರಿಗಳಾದರೂ ಉಳಿಯಿರಿ. ಹಗಲಿನ ಪ್ರವಾಸಿಗರು ಬರುವ ಮೊದಲು, ನಸುಕಿನಲ್ಲಿ ಪೂಜೆಯ ತಟ್ಟೆ ಹಿಡಿದು ಕೇರಿಯ ಗಣಪತಿಯಿಂದ ಹಿಡಿದು ಒಂದೊಂದೇ ಗುಡಿಗೆ ಹೋಗುವ ಈ ಕಣಿವೆಯ ಮೂಲನಿವಾಸಿಗಳಾದ ನೇವಾರ ಸಮುದಾಯದ ಹೆಂಗಸರು ಕಾಣಸಿಗುತ್ತಾರೆ. ಒಂದೇ ಚೌಕದಲ್ಲಿ ದಿನವೂ ಅದೇ ಹೊತ್ತಿಗೆ ಚಹಾ ಕುಡಿಯುತ್ತ ಕುಳಿತರೆ ಜನ ನಿಮ್ಮನ್ನು ಗುರುತಿಸುತ್ತಾರೆ, ಆಮೇಲೆ ಕೇಳುವ ಮಾತು ಸುಲಭವಾಗುತ್ತದೆ. ನೀವು ಆರಿಸಿಕೊಂಡಿರುವ ಕಾಲವೂ ಒಳ್ಳೆಯದು. ಮಳೆ ತೊಳೆದ ಆಕಾಶ ಶುಭ್ರವಾಗಿರುತ್ತದೆ, ಬತ್ತದ ಕೊಯ್ಲು ಮುಗಿಯುತ್ತಿರುವುದರಿಂದ ಚೌಕಗಳಲ್ಲೇ ಕಾಳು ಹರಡಿ ಒಣಗಿಸುತ್ತಾರೆ. ಕೆಂಪಂಚಿನ ಕಪ್ಪು ಸೀರೆ ‘ಹಾಕು ಪಟಾಸಿ’ ಉಟ್ಟ ಹಿರಿಯ ಹೆಂಗಸರು ಆ ಕೆಲಸದಲ್ಲಿರುವುದನ್ನು ಇಂದಿಗೂ ನೋಡಬಹುದು. ದೀಪಾವಳಿಯ ಮರುದಿನ, ಕಾರ್ತಿಕ ಶುದ್ಧ ಪಾಡ್ಯದಂದು, ನೇಪಾಳ ಸಂವತ್ಸರ ಆರಂಭವಾಗುತ್ತದೆ. ಅಂದು ಸಂಜೆ ನೇವಾರರ ಮನೆಗಳಲ್ಲಿ ನಡೆಯುವ ‘ಮ್ಹ ಪೂಜೆ’ (ತಮ್ಮ ದೇಹವನ್ನೇ ಪೂಜಿಸಿಕೊಳ್ಳುವ ವಿಧಿ) ಕುಟುಂಬದ ಒಳಗಿನ ಆಚರಣೆಯಾದ್ದರಿಂದ ಕರೆದರೆ ಮಾತ್ರ ಹೋಗಿ.

ಚಿತ್ರಕ್ಕೆ ಪ್ರತಿಯಾಗಿ ಹಣ ಕೊಡುವ ಅಭ್ಯಾಸ ಒಳ್ಳೆಯದಲ್ಲ, ಮಕ್ಕಳಿಗಂತೂ ಕೊಡಲೇಬೇಡಿ. ಮಕ್ಕಳ ಚಿತ್ರಕ್ಕೆ ತಂದೆತಾಯಿಯರ ಒಪ್ಪಿಗೆ ಬೇಕು. ಕುಂಬಾರರ ಚೌಕದಲ್ಲಿ ಚಿತ್ರ ತೆಗೆದವರು ಒಂದು ಮಡಕೆ ಕೊಂಡುಕೊಂಡರೆ ಅದೇ ಮರ್ಯಾದೆ. ಅದಕ್ಕಿಂತ ಮಿಗಿಲಾದದ್ದು, ಅಲ್ಲಿಯ ಸ್ಟುಡಿಯೋದಲ್ಲೇ ಪ್ರತಿ ಹಾಕಿಸಿ ಮರುದಿನ ಅವರ ಕೈಗೆ ಕೊಡುವುದು. ಮಾತು ಕೊಟ್ಟು ಕಳಿಸದೇ ಇರುವ ಪ್ರವಾಸಿಗರನ್ನು ಅಲ್ಲಿಯವರು ಸಾಕಷ್ಟು ನೋಡಿದ್ದಾರೆ.

ಇನ್ನೊಂದು ಸ್ಪಷ್ಟ ನಿಯಮವಿದೆ. ಕಾಠ್ಮಂಡುವಿನ ಕುಮಾರಿ ಘರ್‌ನ ಕಿಟಕಿಯಲ್ಲಿ ಜೀವಂತ ದೇವಿಯೆಂದು ಪೂಜೆಗೊಳ್ಳುವ ಬಾಲಕಿ ಕಾಣಿಸಿಕೊಂಡಾಗ ಚಿತ್ರ ತೆಗೆಯುವುದು ನಿಷಿದ್ಧ. ಅಂಗಳದ ಕೆತ್ತನೆಗಳನ್ನು ತೆಗೆಯಬಹುದು. ಆಕೆ ಬಂದಾಗ ಕ್ಯಾಮೆರಾ ಕೆಳಗಿಳಿಯಬೇಕು.

ಪ್ರಶ್ನೆ: ಪಶುಪತಿನಾಥನ ಅರ್ಚಕರು ನಮ್ಮ ಕರಾವಳಿಯವರೆಂದು ಕೇಳಿದ್ದೇನೆ. ಕನ್ನಡದವರೆಂದು ಹೇಳಿಕೊಂಡರೆ ಒಳಗೆ ಚಿತ್ರ ತೆಗೆಯಲು ಅವಕಾಶ ಸಿಗಬಹುದೇ?
– ಓದುಗರೊಬ್ಬರು, ಕುಂದಾಪುರ

ಉತ್ತರ: ಅರ್ಚಕರ ವಿಷಯ ನಿಜ. ಅಲ್ಲಿನ ಚತುರ್ಮುಖ ಲಿಂಗವನ್ನು ಮುಟ್ಟಿ ಪೂಜಿಸುವ ಭಟ್ಟರು ಕರ್ನಾಟಕದಿಂದ, ಅದರಲ್ಲೂ ಹೆಚ್ಚಾಗಿ ಕರಾವಳಿಯಿಂದ ಹೋದವರು. ಅವರ ಮುಖ್ಯಸ್ಥರನ್ನು ಮೂಲಭಟ್ಟರೆಂದು ಕರೆಯುತ್ತಾರೆ. ಆದರೆ ಒಳ ಪ್ರಾಕಾರದಲ್ಲಿ ಛಾಯಾಗ್ರಹಣ ಯಾರಿಗೂ ಇಲ್ಲ. ಊರಿನವರೆಂಬ ಸಲುಗೆಯಿಂದ ಕೇಳಿ ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಕನ್ನಡದಲ್ಲಿ ಎರಡು ಮಾತಾಡಿ ಪ್ರಸಾದ ಸ್ವೀಕರಿಸಿ ಬರುವ ಸಂತೋಷ ಕಡಿಮೆಯದೇನಲ್ಲ. ಚರ್ಮದ ಬೆಲ್ಟು, ಚೀಲಗಳನ್ನು ಹೊರಗೇ ಬಿಡಬೇಕು.

ಬಾಗಮತಿ ನದಿಯ ಪೂರ್ವ ದಡದಿಂದ ದೇವಾಲಯದ ಎರಡು ಅಂತಸ್ತಿನ ಹೊಂಬಣ್ಣದ ಚಾವಣಿ ಚೆನ್ನಾಗಿ ಕಾಣುತ್ತದೆ, ಸಂಜೆಯ ಆರತಿಯ ಚಿತ್ರವನ್ನೂ ತೆಗೆಯಬಹುದು. ಅಲ್ಲಿಯ ಮೆಟ್ಟಿಲುಗಳ ಮೇಲೆ ಕೂರುವ ಸಾಧುಗಳಲ್ಲಿ ಹಲವರು ಚಿತ್ರಕ್ಕೆ ಹಣ ಕೇಳುತ್ತಾರೆ; ಕೊಡುವುದಿದ್ದರೆ ಮೊದಲೇ ಮಾತಾಡಿಕೊಳ್ಳಿ. ಎದುರು ದಡದ ಆರ್ಯಘಾಟ್‌ನಲ್ಲಿ ಶವಸಂಸ್ಕಾರ ನಡೆಯುತ್ತಿರುತ್ತದೆ. ತಡೆಯುವವರಿಲ್ಲದ ಕಾರಣ ಎಷ್ಟೋ ಮಂದಿ ಅದನ್ನು ಹತ್ತಿರಕ್ಕೆಳೆದು ತೆಗೆಯುತ್ತಾರೆ. ನಮ್ಮ ಮನೆಯ ಸಾವಿನ ದಿನ ಯಾರೋ ಹಾಗೆ ಮಾಡಿದರೆ ನಾವು ಸಹಿಸುವುದಿಲ್ಲ. ದಯವಿಟ್ಟು ನೀವೂ ಮಾಡಬೇಡಿ.

ಪ್ರಶ್ನೆ: ಅಲ್ಲಿನ ಗುಡಿಗಳ ಚಿತ್ರ ತೆಗೆದಾಗ ಆಕಾಶ ಬೆಳ್ಳಗಾಗಿ, ಮರದ ಕೆತ್ತನೆಯೆಲ್ಲ ಕಪ್ಪಾಗುತ್ತದೆಯೆಂದು ಹೋಗಿ ಬಂದ ಗೆಳೆಯರು ಹೇಳುತ್ತಾರೆ. ಪರಿಹಾರವೇನು?
– ಓದುಗರೊಬ್ಬರು, ಧಾರವಾಡ

ಉತ್ತರ: ಈ ಗುಡಿಗಳ ಚಾವಣಿ ಗೋಡೆಯಿಂದ ಬಹಳ ಮುಂದಕ್ಕೆ ಚಾಚಿರುತ್ತದೆ, ಅದನ್ನು ಹೊರುವ ‘ತುಂಡಾಲ್’ ಎಂಬ ಓರೆಗಂಬಗಳ ಮೇಲೆಯೇ ದೇವತೆಗಳ ಕೆತ್ತನೆಯಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ಅವೆಲ್ಲ ಚಾವಣಿಯ ಗಾಢ ನೆರಳಿಗೆ ಸೇರುತ್ತವೆ. ಸೂರ್ಯ ಕೆಳಗಿದ್ದಾಗ ಬೆಳಕು ಸೂರಿನ ಅಡಿಗೆ ಓರೆಯಾಗಿ ನುಗ್ಗುತ್ತದೆ. ನೆಲದ ಇಟ್ಟಿಗೆ ಅದನ್ನು ಕೆಂಪಾಗಿಸಿ ಮೇಲಕ್ಕೆ ಮರಳಿಸುತ್ತದೆ. ಹೀಗಾಗಿ ಗುಡಿ ಯಾವ ದಿಕ್ಕಿಗೆ ಮುಖ ಮಾಡಿದೆಯೆಂದು ಮೊದಲೇ ನೋಡಿಕೊಳ್ಳಬೇಕು. ಪಾಟನ್ನಿನಲ್ಲಿ ಸಿದ್ಧಿನರಸಿಂಹ ಮಲ್ಲನು 1637ರಲ್ಲಿ ಕಟ್ಟಿಸಿದ ಕಲ್ಲಿನ ಕೃಷ್ಣ ಮಂದಿರ ಪೂರ್ವಕ್ಕೆ ಮುಖ ಮಾಡಿದೆ. ಸೂರ್ಯ ಎದುರಿನ ಅರಮನೆಯ ಮೇಲಕ್ಕೆ ಬಂದ ಕೂಡಲೇ ಅದರ ಮಹಾಭಾರತ, ರಾಮಾಯಣದ ಕಿರುಶಿಲ್ಪಗಳು ಎದ್ದು ಕಾಣುತ್ತವೆ. ಅದೇ ಅರಸನು ಆರಂಭಿಸಿದ ಕಾರ್ತಿಕ ನಾಚ್ ಎಂಬ ನೃತ್ಯನಾಟಕ ಇಂದಿಗೂ ಕಾರ್ತಿಕದ ರಾತ್ರಿಗಳಲ್ಲಿ ಆ ಚೌಕದಲ್ಲೇ ನಡೆಯುತ್ತದೆ. ಫ್ಲ್ಯಾಶ್ ಬಳಸದೆ ತೆಗೆಯಿರಿ.

ಭಕ್ತಪುರದಲ್ಲಿ ಭೂಪತೀಂದ್ರ ಮಲ್ಲನು 1702ರಲ್ಲಿ ಕಟ್ಟಿಸಿದ ಐದಂತಸ್ತಿನ ನ್ಯಾತಪೋಲ ದಕ್ಷಿಣಾಭಿಮುಖಿ. ಮೆಟ್ಟಿಲುಗಳ ಇಕ್ಕೆಲದಲ್ಲಿ ಕೆಳಗಿನಿಂದ ಜಟ್ಟಿಗಳು, ಆನೆಗಳು, ಸಿಂಹಗಳು ಹೀಗೆ ಐದು ಜೋಡಿ ಕಾವಲು ಮೂರ್ತಿಗಳಿವೆ. ಒಳಗಿನ ಸಿದ್ಧಿಲಕ್ಷ್ಮಿಯ ದರ್ಶನ ಅರ್ಚಕರಿಗೆ ಮಾತ್ರ. ಕ್ಯಾಮೆರಾವನ್ನು ಮೇಲಕ್ಕೆ ಓರೆ ಮಾಡಿದರೆ ಗುಡಿ ಹಿಂದಕ್ಕೆ ವಾಲಿದಂತೆ ಕಾಣುವುದರಿಂದ ಎದುರಿನ ಮನೆಗಳ ಮಾಳಿಗೆಗೆ ಹೋಗಿ ತೆಗೆಯುವುದು ಮೇಲು. ಬೆಳಕನ್ನು ಆಕಾಶಕ್ಕೆ ಹೊಂದಿಸಿ ರಾ (ಕ್ಯಾಮೆರಾ ಸಂಸ್ಕರಿಸದ ಮೂಲ) ಕಡತದಲ್ಲಿ ತೆಗೆದರೆ ನೆರಳಿನ ವಿವರಗಳನ್ನು ಆಮೇಲೆ ಎತ್ತಬಹುದು.

25 ಏಪ್ರಿಲ್ 2015ರ ಭೂಕಂಪದಲ್ಲಿ ನ್ಯಾತಪೋಲ ನಿಂತಿತು. ಕಾಠ್ಮಂಡುವಿನ ಕಾಷ್ಠಮಂಟಪ, ಪಾಟನ್ನಿನ ಹರಿಶಂಕರ ಗುಡಿಗಳು ಉರುಳಿ ಮತ್ತೆ ಎದ್ದಿವೆ. ಅವುಗಳಲ್ಲಿ ಹಳೆಯ ಮರ ಯಾವುದು, ಹೊಸತು ಯಾವುದು ಎಂಬುದನ್ನು ತೋರಿಸುವ ಸಮೀಪ ಚಿತ್ರಗಳನ್ನೂ ತೆಗೆಯಿರಿ. ಪಾಟನ್ನಿನ ದಕ್ಷಿಣಕ್ಕಿರುವ ಬುಂಗಮತಿಯಲ್ಲಿ ಮರ ಕೆತ್ತುವವರು ಇಂದಿಗೂ ಮನೆಬಾಗಿಲಲ್ಲೇ ಕುಳಿತು ಕೆಲಸ ಮಾಡುತ್ತಾರೆ.

ಪ್ರಶ್ನೆ: ವೀಸಾ ಬೇಕೇ? ಡ್ರೋನ್ ಒಯ್ಯಬಹುದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಭಾರತೀಯರಿಗೆ ವೀಸಾ ಬೇಡ. ವಿಮಾನದಲ್ಲಿ ಹೋಗುವ 15ರಿಂದ 65 ವರ್ಷದವರೆಗಿನವರು ಪಾಸ್‌ಪೋರ್ಟ್ ಅಥವಾ ಮತದಾರರ ಗುರುತಿನ ಚೀಟಿ ಇಟ್ಟುಕೊಳ್ಳಬೇಕು, ಆಧಾರ್ ಸಾಲದು. ಅರಮನೆ ಚೌಕಗಳ ಪ್ರವೇಶ ಶುಲ್ಕದಲ್ಲಿ ಸಾರ್ಕ್ ದೇಶಗಳವರಿಗೆ ಕಡಿಮೆ ದರವಿದೆ, ಗುರುತಿನ ಚೀಟಿ ತೋರಿಸಿ ಕೇಳಿ. ಡ್ರೋನ್‌ಗೆ ಮೊದಲೇ ಸರ್ಕಾರದ ಅನುಮತಿ ಪಡೆಯಬೇಕು. ಅದಿಲ್ಲದಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.